ಕಣ್ಣು ಮುಚ್ಚುವ ಮುನ್ನ

(ಬಾನುಲಿ ಭಾಷಣ)



ಮೈಸೂರಿನಿಂದ ಮನಸ್ಸಿನ ವಿಷಯ ಮಾತನಾಡಲು ಹೊರಟವನಿಗೆ ಕೊಂಚ ಅಳುಕು ಇರಬೇಕಾದದ್ದೇ. ಈ ಊರಿನಲ್ಲಿ ಬಾನುಲಿಯನ್ನು ಹುಟ್ಟುಹಾಕಿದವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದು, ಬಳಿಕ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವೊಂದನ್ನು ಹೂಡಿದರು. ‘ಆಕಾಶವಾಣಿ’ ಎಂಬುದು ಆ ಮನೆಯ ನಿಲಯದ ಹೆಸರು; ಮುಂದೆ ಅದೇ ಹೆಸರು ದೇಶದ ಬಾನುಲಿಗೆಲ್ಲ ಸಂದಿತು. ಮನಸ್ಸನ್ನು ಅಳೆಯುವ ವಿದ್ಯೆ ಕಲಿತವರಿಗೆ, ಮುಖ ಕಾಣದ ಕೇಳುಗರ ಮನಸ್ಸನ್ನು ಮುಟ್ಟಬೇಕೆಂಬ ಹಂಬಲ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಥವರ ಊರಿನಲ್ಲಿ ನಿಂತು, ತತ್ತ್ವಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನಾನು ‘ಧ್ಯಾನ ಮತ್ತು ಮನಶ್ಶಾಂತಿ’ ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ.

ವಿಷಯ ದೊಡ್ಡದು. ಇದರಲ್ಲಿ ಮೋಕ್ಷದ ಪಾಲನ್ನು ಬಲ್ಲವರಿಗೆ ಬಿಟ್ಟುಬಿಡುತ್ತೇನೆ. ನಿದ್ರೆ ಬಾರದವನು, ಎದೆ ಹೊಡೆದುಕೊಳ್ಳುವವನು, ಕಂಡ ದೃಶ್ಯವನ್ನು ಮರೆಯಲಾರದವನು ಧ್ಯಾನಕ್ಕೆ ಕುಳಿತರೆ ಆತನಿಗೆ ಏನಾಗುತ್ತದೆ, ಏನಾಗುವುದಿಲ್ಲ, ಒಮ್ಮೊಮ್ಮೆ ಏನಾಗಿಬಿಡುತ್ತದೆ ಎಂಬಷ್ಟಕ್ಕೇ ನನ್ನ ಮಾತನ್ನು ಸೀಮಿತಗೊಳಿಸಿಕೊಳ್ಳುತ್ತೇನೆ. ಇದರಲ್ಲಿ ಬಹುಪಾಲು ಪುಸ್ತಕದಿಂದ ಬಂದ ತಿಳಿವಳಿಕೆ. ಸ್ವಲ್ಪ ಭಾಗ ನನ್ನ ಮನೆಯಲ್ಲಿಯೇ ನಡೆದದ್ದು. ಆ ಸ್ವಲ್ಪ ಭಾಗ ಇಲ್ಲದೆ ಹೋಗಿದ್ದರೆ ಪುಸ್ತಕದ ಮಾತು ನನಗೆ ಅರ್ಥವಾಗುತ್ತಲೇ ಇರಲಿಲ್ಲ.

ನಾನು ವಿದ್ಯಾರಣ್ಯಪುರಂ ನಿವಾಸಿ. ನಗರದ ದಕ್ಷಿಣದ ಬಡಾವಣೆ. ತಾರಸಿಯ ಮೇಲೆ ನಿಂತರೆ ಚಾಮುಂಡಿಬೆಟ್ಟ ಕಾಣುತ್ತದೆ. ಬೆಟ್ಟದ ಜೊತೆಗೆ ನಮಗೆ ಇನ್ನೊಂದು ನೆರೆಯೂ ಉಂಟು. ಅದು ಸೂಯೇಜ್ ಫಾರಂ. ಊರಿನ ಕೊಳಚೆಯೂ ಕಸವೂ ದಶಕಗಟ್ಟಲೆ ಬಂದು ಸೇರಿದ ಸ್ಥಳ. ಆದಕಾರಣ, “ದೀರ್ಘವಾಗಿ ಉಸಿರೆಳೆದುಕೊಳ್ಳಿ” ಎಂದು ಯೋಗದ ಗುರುಗಳು ಹೇಳಿದರೆ, ನಮ್ಮ ಕಡೆಯ ಹಿರಿಯರು ಮೊದಲು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಡಿಕೊಳ್ಳುವುದುಂಟು. ಇದನ್ನು ನಗೆಗಾಗಿ ಹೇಳಿದೆ. ಆದರೆ ಉಸಿರು ಎಂಬುದು ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಹಿತವಾದ ವಸ್ತುವಲ್ಲ ಎಂಬುದು ಈ ಭಾಷಣದ ಮುಖ್ಯ ಸಂಗತಿಗಳಲ್ಲೊಂದು. ಅದನ್ನು ನಾನು ಕಲಿತದ್ದು ನಗುತ್ತ ಅಲ್ಲ.

೨೦೨೧ರ ಮೇ ತಿಂಗಳಲ್ಲಿ ನನ್ನ ತಮ್ಮ ತೀರಿಕೊಂಡ. ಆ ವರ್ಷದ ಎರಡನೆಯ ಅಲೆ ಎಷ್ಟು ಮನೆಗಳನ್ನು ಹೊಕ್ಕಿತೆಂಬುದು ನಿಮಗೆ ಗೊತ್ತೇ ಇದೆ, ನಮ್ಮದು ಅವುಗಳಲ್ಲೊಂದು. ಆಸ್ಪತ್ರೆಗೆ ಒಯ್ಯುವ ಮೊದಲು ಎರಡು ರಾತ್ರಿ ಮನೆಯಲ್ಲಿಯೇ ಇದ್ದ. ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರವನ್ನು ಹಿಡಿದು ನಾನು ಪಕ್ಕದಲ್ಲಿ ಕುಳಿತಿದ್ದೆ. ೯೩ ಇದ್ದದ್ದು ೯೧ ಆಯಿತು, ೮೮ ಆಯಿತು. ಬೆಳಗಿನ ಜಾವ ೮೪. ಸಂಖ್ಯೆಯನ್ನು ನಾನು ಗಟ್ಟಿಯಾಗಿ ಓದುವುದು, ಅವನ ಹೆಂಡತಿ ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುವುದು. ಆಮೇಲೆ ಆಂಬುಲೆನ್ಸು, ಬಾಗಿಲ ಗಾಜಿನಾಚೆ ಏರಿ ಇಳಿಯುತ್ತಿದ್ದ ಅವನ ಎದೆ, ಹನ್ನೊಂದನೆಯ ದಿನ ಬಂದ ಒಂದು ದೂರವಾಣಿ ಕರೆ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ವರ್ಷ ಕಳೆದರೂ ಮಾನಂದವಾಡಿ ರಸ್ತೆಯಲ್ಲಿ ಆಂಬುಲೆನ್ಸಿನ ಕೂಗು ಕೇಳಿದರೆ ನನ್ನ ಕೈ ತಣ್ಣಗಾಗುತ್ತಿತ್ತು. ಊಟದ ಮಧ್ಯೆ ಎದ್ದು ಹೋಗುತ್ತಿದ್ದೆ. ರಾತ್ರಿ ಮೂರಕ್ಕೆ ಸರಿಯಾಗಿ ಎಚ್ಚರ. ಯಂತ್ರವನ್ನು ನೋಡಬೇಕಾದ ಹೊತ್ತು ಎಂಬಂತೆ. ಬಂಧುಗಳೂ ಮಿತ್ರರೂ ಒಕ್ಕೊರಲಿನಿಂದ ಒಂದೇ ಸಲಹೆ ಕೊಟ್ಟರು: “ಧ್ಯಾನ ಮಾಡಿ.” ಜೀವಮಾನವೆಲ್ಲ ಪತಂಜಲಿಯ ಸೂತ್ರಗಳನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದವನಿಗೆ ಇನ್ನಾವ ಸಲಹೆ ಕೊಟ್ಟಾರು? ನಾನೂ ಒಪ್ಪಿ ಒಂದು ಶಿಬಿರಕ್ಕೆ ಸೇರಿದೆ. ಕಲಿಸುತ್ತಿದ್ದ ತರುಣ ಒಳ್ಳೆಯವನೇ. ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ, ಹತ್ತರಿಂದ ಒಂದರವರೆಗೆ ಇಳಿಯೆಣಿಕೆ ಎಣಿಸಿ ಎಂದ.

ಹತ್ತು, ಒಂಬತ್ತು, ಎಂಟು ಎಂದು ಎಣಿಸುತ್ತ ನಾನು ಮತ್ತೆ ಆ ಕೋಣೆಯಲ್ಲಿದ್ದೆ. ಗಮನಿಸುತ್ತಿದ್ದದ್ದು ಉಸಿರು, ಕಿವಿಯಲ್ಲಿ ಇಳಿಯುತ್ತಿದ್ದದ್ದು ಸಂಖ್ಯೆ. ಬೆವರಿನಿಂದ ಅಂಗಿ ಒದ್ದೆಯಾಯಿತು. ಎದ್ದು ಹೊರಗೆ ಬಂದುಬಿಟ್ಟೆ. ಮೂರು ದಿನ ಮತ್ತೆ ಮತ್ತೆ ಪ್ರಯತ್ನಿಸಿದೆ. ಮೂರು ದಿನವೂ ಅದೇ. ನಾಲ್ಕನೆಯ ದಿನ ಹೋಗಲಿಲ್ಲ. ಹೋಗದಿದ್ದದ್ದಕ್ಕಿಂತ, ಹೋಗಲಾರದೆ ಹೋದೆನಲ್ಲ ಎಂಬ ನಾಚಿಕೆ ಹೆಚ್ಚು ಬಾಧಿಸಿತು. ಊರಿಗೆಲ್ಲ ಶಾಂತಿಯನ್ನು ಕೊಡುವ ಔಷಧ ನನಗೆ ಮಾತ್ರ ವಿಷವಾಯಿತೆ ಎಂದು ಯಾರಲ್ಲಿ ಕೇಳುವುದು?

ಕೇಳಿದ್ದು ಕೊನೆಗೆ ಒಬ್ಬ ಮನೋವೈದ್ಯೆಯ ಬಳಿ. ಆಕೆ ಹಿಂದೆ ನನ್ನ ವಿದ್ಯಾರ್ಥಿನಿ. ಈಗಲೂ ‘ಮೇಷ್ಟ್ರೆ’ ಎಂದೇ ಕರೆಯುವುದು. ಎಲ್ಲವನ್ನೂ ಕೇಳಿಸಿಕೊಂಡು, “ಮೇಷ್ಟ್ರೆ, ನಿಮ್ಮ ತಮ್ಮನವರು ಹೋದದ್ದು ಯಾವುದರಿಂದ?” ಎಂದು ಕೇಳಿದಳು. ಉಸಿರಾಟದ ತೊಂದರೆಯಿಂದ ಎಂದೆ. “ನೋಡುತ್ತ ಕೂತುಕೊಳ್ಳಿ ಅಂತ ನಿಮಗೆ ಕೊಟ್ಟದ್ದು ಏನನ್ನು?” ನಾನು ಉತ್ತರ ಹೇಳಲಿಲ್ಲ. “ಗಾಯದ ಮೇಲೇ ಬೆರಳಿಟ್ಟುಕೊಂಡು ಕೂತಿದ್ದೀರಿ. ಸದ್ಯಕ್ಕೆ ಉಸಿರಿನ ಗೊಡವೆ ಬೇಡ. ಕಣ್ಣು ತೆರೆದೇ ಇರಲಿ. ಪಾದಕ್ಕೆ ಬನ್ನಿ” ಎಂದಳು.

ಪಾದಕ್ಕೆ ಬರುವುದು ಎಂದರೇನು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು, ಆಕೆ ವಿವರಿಸಿದ ಕಾರಣವನ್ನು ನನಗೆ ತಿಳಿದಷ್ಟು ಹೇಳಬೇಕು. ನಮ್ಮ ಮಿದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಒಂದು ಚಿಕ್ಕ ಅಂಗವುಂಟು. ಅಪಾಯವನ್ನು ಗುರುತಿಸಿ ಮೈಯನ್ನೆಲ್ಲ ಎಚ್ಚರಿಸುವ ಕೆಲಸದಲ್ಲಿ ಅದರ ಪಾತ್ರ ದೊಡ್ಡದು. ಅದು ಕೂಗಿದರೆ ಗುಂಡಿಗೆ ಓಡುತ್ತದೆ, ಉಸಿರು ಮೇಲೇರುತ್ತದೆ, ಸ್ನಾಯು ಬಿಗಿಯುತ್ತದೆ. ಹುಲಿ ಎದುರಿಗಿದ್ದಾಗ ಇದು ಬೇಕಾದ ವ್ಯವಸ್ಥೆಯೇ. ಸಾಮಾನ್ಯ ಒತ್ತಡದಲ್ಲಿ ಈ ಕೂಗು ಸಣ್ಣಗೆ, ಬಿಟ್ಟೂಬಿಡದೆ ನಡೆಯುತ್ತಿರುತ್ತದೆ. ಆತಂಕದಲ್ಲಿ ಬಾರದ ಹುಲಿಗಾಗಿಯೂ ಕೂಗುತ್ತದೆ. ಆಘಾತದ ಸ್ವರೂಪ ಬೇರೆ. ಅಲ್ಲಿ ಹುಲಿ ಬಂದು ಹೋದದ್ದು ನಿಜ. ಆದರೆ ಹೋಯಿತೆಂಬ ಸುದ್ದಿ ಆ ಅಂಗಕ್ಕೆ ಇನ್ನೂ ಮುಟ್ಟಿಲ್ಲ. ಅದಕ್ಕೆ ಪಂಚಾಂಗ ಓದಲು ಬಾರದು. ಒಂದು ವಾಸನೆ, ಒಂದು ಸದ್ದು, ಇಳಿಯುವ ಒಂದು ಎಣಿಕೆ ಸಾಕು. ೨೦೨೧ನೆಯ ಇಸವಿ ಇಂದೇ ಆಗಿಬಿಡುತ್ತದೆ. ಕಣ್ಣು ತೆರೆದಿದ್ದರೆ ಗೋಡೆಯ ಗಡಿಯಾರ, ಕಿಟಕಿಯ ಬಿಸಿಲು, ಬೀದಿಯ ಸೊಪ್ಪು ಮಾರುವವಳ ಕೂಗು, ಇವು ‘ಇದು ಅಂದಲ್ಲ, ಇಂದು’ ಎಂದು ಸಾಕ್ಷಿ ಹೇಳುತ್ತಿರುತ್ತವೆ. ಕಣ್ಣು ಮುಚ್ಚಿದೊಡನೆ ಸಾಕ್ಷಿಗಳನ್ನೆಲ್ಲ ನಾವೇ ಹೊರಗೆ ಕಳಿಸಿದಂತಾಗುತ್ತದೆ.

‘ಒತ್ತಡ’ ಎಂಬ ಮಾತು ಈ ಅರ್ಥದಲ್ಲಿ ನಮ್ಮಲ್ಲಿ ಹಳೆಯದಲ್ಲ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ೧೯೩೬ರ ಸುಮಾರಿಗೆ ಆರಂಭಿಸಿದ ಸಂಶೋಧನೆಯಿಂದ ಇಂಗ್ಲಿಷಿನಲ್ಲಿ ಬಳಕೆಗೆ ಬಂದ ಪದದ ಕನ್ನಡ ರೂಪ ಅದು. ನಮ್ಮ ಅಜ್ಜಿಯರ ಬಳಿ ಇದಕ್ಕಿಂತ ಸೂಕ್ಷ್ಮವಾದ ಮಾತುಗಳಿದ್ದವು: ಕಳವಳ, ತಳಮಳ, ದಿಗಿಲು, ಎದೆಗುದಿ. ತಳಮಳವೆಂದರೆ ದಿಗಿಲಲ್ಲ. ‘ಮಗು ದಿಗಿಲು ಬಿದ್ದಿದೆ’ ಎಂದಾಗ, ಮಗು ಏನನ್ನೋ ಕಂಡಿದೆ, ಕಂಡದ್ದು ಅದರೊಳಗೆ ನಿಂತುಬಿಟ್ಟಿದೆ ಎಂಬ ಅರ್ಥವೆಲ್ಲ ಬರುತ್ತಿತ್ತು. ದಿಗಿಲು ಬಿದ್ದ ಮಗುವನ್ನು ನಮ್ಮ ಅಜ್ಜಿ ಎಂದೂ ‘ಕಣ್ಣು ಮುಚ್ಚಿ ಒಬ್ಬನೇ ಕೂತುಕೋ’ ಎಂದವಳಲ್ಲ. ತೊಡೆಯ ಮೇಲೆ ಕೂರಿಸಿಕೊಂಡು, ಬೆನ್ನು ನೀವಿ, ಬಿಸಿ ಹಾಲು ಕುಡಿಸಿ, ಹೊರಗಿನ ಕರುವನ್ನು ತೋರಿಸುತ್ತಿದ್ದಳು.

ಇಲ್ಲಿ ನಮ್ಮ ಬಡಾವಣೆಯ ಹೆಸರಿಗೆ ಬರಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರು ನಮ್ಮ ಬಸ್ಸುಗಳ ಹಲಗೆಯ ಮೇಲೆ ದಿನವೂ ಓಡಾಡುತ್ತದೆ. ಅವರನ್ನು ವಿಜಯನಗರದ ಕಥೆಯೊಡನೆ ನೆನೆಯುವವರೇ ಹೆಚ್ಚು. ಅವರ ‘ಜೀವನ್ಮುಕ್ತಿವಿವೇಕ’ವನ್ನು ಓದುವವರು ಕಡಿಮೆ. ನಾನು ಅದನ್ನು ತರಗತಿಯಲ್ಲಿ ಅನೇಕ ವರ್ಷ ಬೋಧಿಸಿದೆ. ಅದರ ಮನೋನಾಶ ಪ್ರಕರಣದಲ್ಲಿ ಮನಸ್ಸಿನ ನಿಗ್ರಹ ಎರಡು ಬಗೆ ಎಂದು ಹೇಳಿದೆ: ಹಠನಿಗ್ರಹ, ಕ್ರಮನಿಗ್ರಹ. ಕಣ್ಣು ಕಿವಿ ಮುಂತಾದ ಇಂದ್ರಿಯಗಳನ್ನು ಬಲವಂತದಿಂದ ತಡೆಯಬಹುದು, ಏಕೆಂದರೆ ಅವುಗಳ ನೆಲೆಯಾದ ಗೋಲಕಗಳನ್ನು ಮುಚ್ಚಿದರೆ ಸಾಕು. ಇದನ್ನು ಕಂಡವರು ಮನಸ್ಸನ್ನೂ ಹಾಗೆಯೇ ಹಿಡಿದುಬಿಡಬಹುದೆಂದು ಭ್ರಮಿಸುತ್ತಾರೆ. ಆದರೆ ಮನಸ್ಸಿನ ನೆಲೆಯನ್ನು ಹಾಗೆ ಮುಚ್ಚಲು ಸಾಧ್ಯವಿಲ್ಲ, ಆದ್ದರಿಂದ ಕ್ರಮನಿಗ್ರಹವೇ ತಕ್ಕದ್ದು ಎಂಬುದು ವಿದ್ಯಾರಣ್ಯರ ತಾತ್ಪರ್ಯ. ಆ ಕ್ರಮದ ಉಪಾಯಗಳಲ್ಲಿ ಪ್ರಾಣದ ಚಲನೆಯನ್ನು ಹದಕ್ಕೆ ತರುವುದು ಒಂದು. ಸಾಧುಸಂಗಮ, ಎಂದರೆ ಒಳ್ಳೆಯವರ ಒಡನಾಟ, ಇನ್ನೊಂದು. ಈ ವಾಕ್ಯಗಳ ಅನ್ವಯ, ಸಮಾಸ, ಪೂರ್ವಪಕ್ಷ ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದ ನಾನು, ಕಣ್ಣಿನ ರೆಪ್ಪೆ ಮುಚ್ಚಿದರೆ ಮನಸ್ಸೂ ಮುಚ್ಚಿಕೊಳ್ಳುತ್ತದೆಂದು ನಂಬಿ ಶಿಬಿರದಲ್ಲಿ ಬೆವರಿದೆ. ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಹಾಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಪತಂಜಲಿಯ ಎಂಟು ಅಂಗಗಳನ್ನೇ ನೋಡಿ. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ. ಇಷ್ಟಾದ ಮೇಲೆ ಏಳನೆಯದು ಧ್ಯಾನ. ನಾವು ಆರು ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ದಾಟಿ ಏಳನೆಯದರ ಮೇಲೆ ಭಾನುವಾರ ಬೆಳಿಗ್ಗೆ ಚಾಪೆ ಹಾಸುತ್ತೇವೆ. ಕಾಲು ಉಳುಕಿದರೆ ಮೆಟ್ಟಿಲನ್ನು ದೂರುತ್ತೇವೆ.

ಬೌದ್ಧರಲ್ಲಿ ಇನ್ನೂ ಗಂಭೀರವಾದ ಒಂದು ನಿದರ್ಶನವಿದೆ. ಸಂಯುತ್ತ ನಿಕಾಯದಲ್ಲಿ ಬರುವ ಪ್ರಸಂಗ. ವೈಶಾಲಿಯಲ್ಲಿದ್ದಾಗ ಬುದ್ಧನು ಭಿಕ್ಷುಗಳಿಗೆ ಅಶುಭ ಭಾವನೆಯನ್ನು, ಅಂದರೆ ದೇಹದ ಹೇಯತೆಯನ್ನು ಚಿಂತಿಸುವ ಧ್ಯಾನವನ್ನು ಉಪದೇಶಿಸಿ, ಅರ್ಧಮಾಸ ಏಕಾಂತಕ್ಕೆ ತೆರಳಿದನು. ಹಿಂದಿರುಗಿ ನೋಡಿದರೆ ಸಂಘ ಬಡವಾಗಿತ್ತು. ಆ ಧ್ಯಾನದಲ್ಲಿ ಮುಳುಗಿದ ಹಲವು ಭಿಕ್ಷುಗಳು ದೇಹದ ಮೇಲೆ ಜುಗುಪ್ಸೆಗೊಂಡು ಪ್ರಾಣವನ್ನೇ ನೀಗಿಕೊಂಡಿದ್ದರು. ಆಗ ಬುದ್ಧನು ಉಳಿದವರನ್ನು ಕರೆಸಿ, ಶಾಂತವೂ ಹಿತವೂ ಆದ ಬೇರೊಂದು ಧ್ಯಾನವನ್ನು ಬೋಧಿಸಿದನು. ಅದೇ ಆನಾಪಾನಸತಿ, ಉಸಿರನ್ನು ಗಮನಿಸುವ ಧ್ಯಾನ. ಇಂಥ ಘಟನೆಯನ್ನು ಮುಚ್ಚಿಡದೆ ಗ್ರಂಥದಲ್ಲಿ ಉಳಿಸಿಕೊಂಡ ಆ ಪರಂಪರೆಯ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆ ಭಿಕ್ಷುಗಳಿಗೆ ಉಸಿರು ಔಷಧವಾಯಿತು; ನನಗೆ ಅದೇ ಉಸಿರು ಗಾಯವಾಗಿತ್ತು. ಐದನೆಯ ಶತಮಾನದ ಬುದ್ಧಘೋಷನು ಸಿಂಹಳದಲ್ಲಿ ರಚಿಸಿದ ‘ವಿಸುದ್ಧಿಮಗ್ಗ’ದಲ್ಲಿ ಧ್ಯಾನಕ್ಕೆ ೪೦ ಆಲಂಬನಗಳನ್ನು ಹೇಳಿ, ಯಾರಿಗೆ ಯಾವುದು ತಕ್ಕದ್ದೆಂಬುದನ್ನು ಅವರವರ ಸ್ವಭಾವ ನೋಡಿ ಕೊಡಬೇಕೆನ್ನುತ್ತಾನೆ. ಕೊಡುವವನಿಗೆ ಅಲ್ಲಿ ಇರುವ ಹೆಸರು ಕಲ್ಯಾಣಮಿತ್ರ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ೧೯೫೯ರ ತರುವಾಯ ನಾಡು ಬಿಟ್ಟು ಬಂದ ಟಿಬೆಟ್ಟಿನ ನಿರಾಶ್ರಿತರಿಗೆ ೧೯೬೦ರ ದಶಕದ ಆರಂಭದಲ್ಲಿ ನೆಲೆ ದೊರೆಯಿತು. ಹಿಮದ ಕಣಿವೆಗಳನ್ನು ನಡೆದು ದಾಟಿದವರು, ದಾರಿಯಲ್ಲಿ ಮನೆಯವರನ್ನು ಕಳೆದುಕೊಂಡವರು, ಕಾಡು ಕಡಿದು ಜೋಳ ಬಿತ್ತಿದರು. ಧ್ಯಾನವೇ ಬದುಕಾದ ಮಠಗಳು ಅಲ್ಲಿ ಮತ್ತೆ ಎದ್ದವು. ಅಂಥ ಜನರ ವೈದ್ಯಶಾಸ್ತ್ರ ಧ್ಯಾನದ ವಿಷಯದಲ್ಲಿ ಏನೆನ್ನುತ್ತದೆಂಬುದನ್ನು ಕೇಳಬೇಕು. ‘ಲುಂಗ್’ ಎಂದರೆ ವಾಯು. ನಮ್ಮ ಆಯುರ್ವೇದದ ವಾತಕ್ಕೆ ಹತ್ತಿರದ ಕಲ್ಪನೆ. ಪ್ರಾಣವಾಯು ಹೃದಯದಲ್ಲಿ ಕೆದರಿದರೆ ನಿದ್ರೆ ಕೆಡುತ್ತದೆ, ಎದೆ ಬಿಗಿಯುತ್ತದೆ, ಕಾರಣವಿಲ್ಲದೆ ಭಯವೂ ಅಳುವೂ ಬರುತ್ತವೆ ಎನ್ನುತ್ತಾರೆ ಅವರ ವೈದ್ಯರು. ಅದು ಕೆದರಲು ಕಾರಣಗಳು ಶೋಕ, ಉಪವಾಸ, ಅತಿ ಚಿಂತೆ. ಜೊತೆಗೆ, ಹಟ ಹಿಡಿದು ಮಾಡಿದ ಧ್ಯಾನ. ಹಾಗಾದಾಗ ಧ್ಯಾನವನ್ನು ನಿಲ್ಲಿಸಿ, ಬೆಚ್ಚಗಿನ ಜಿಡ್ಡಿನ ಆಹಾರ ಕೊಟ್ಟು, ಇಷ್ಟಜನರ ನಡುವೆ ಇರಿಸಬೇಕು. ನಮ್ಮ ಅಜ್ಜಿಯ ಬಿಸಿ ಹಾಲಿಗೂ ಇದಕ್ಕೂ ಬಹಳ ದೂರವಿಲ್ಲ.

ಇದನ್ನೆಲ್ಲ ಕೇಳಿ ನಾನು ಧ್ಯಾನದ ವಿರೋಧಿ ಎಂದು ತಿಳಿಯಬೇಡಿ. ಆಧುನಿಕ ವೈದ್ಯರು ಅಳೆದು ನೋಡಿದ ಫಲಗಳಿವೆ. ಅವು ಜಾಹೀರಾತುಗಳಷ್ಟು ದೊಡ್ಡವಲ್ಲ, ಸಂದೇಹವಾದಿಗಳು ಹೇಳುವಷ್ಟು ಸಣ್ಣವೂ ಅಲ್ಲ. ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ ೧೯೭೫ರಲ್ಲಿ ಬರೆದ ಪುಸ್ತಕದಲ್ಲಿ, ಒಂದು ಶಬ್ದವನ್ನು ಮೆಲ್ಲನೆ ಮತ್ತೆ ಮತ್ತೆ ಉಚ್ಚರಿಸುತ್ತ ಕುಳಿತವರ ಉಸಿರಾಟ, ಆಮ್ಲಜನಕದ ವ್ಯಯ ಇಳಿಯುವುದನ್ನು ವಿವರಿಸಿದನು. ೧೯೭೯ರಲ್ಲಿ ಜಾನ್ ಕಬಾಟ್-ಜಿನ್ ಎಂಬಾತ ಅಮೆರಿಕದ ಒಂದು ವೈದ್ಯಕೀಯ ಶಾಲೆಯಲ್ಲಿ, ಬೌದ್ಧ ಸ್ಮೃತಿಧ್ಯಾನವನ್ನು ಮತದ ಹೊದಿಕೆ ತೆಗೆದು ರೋಗಿಗಳಿಗೆ ಪಾಠವಾಗಿ ಕಲಿಸತೊಡಗಿದನು. ಆ ಪಾಠವನ್ನು ಆತಂಕದ ಕಾಯಿಲೆಯುಳ್ಳ ೨೭೬ ಮಂದಿಯಲ್ಲಿ ಎಸ್ಸಿಟಾಲೊಪ್ರಾಮ್ ಎಂಬ ಮಾತ್ರೆಯೊಡನೆ ಹೋಲಿಸಿ ೨೦೨೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಧ್ಯಾನ ಮಾತ್ರೆಗಿಂತ ಹಿಂದೆ ಬೀಳಲಿಲ್ಲ. ಅವರು ದಿನಕ್ಕೆ ಮುಕ್ಕಾಲು ಗಂಟೆ ಮನೆಯಲ್ಲಿ ಅಭ್ಯಾಸ ಮಾಡಬೇಕಾಗಿತ್ತು, ವಾರಕ್ಕೊಮ್ಮೆ ಗುರುವಿನೆದುರು ಗುಂಪಿನಲ್ಲಿ ಕೂರಬೇಕಾಗಿತ್ತು ಎಂಬುದನ್ನು ಮರೆಯಬಾರದು. ೪೭ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ೨೦೧೪ರ ಒಂದು ಸಮೀಕ್ಷೆ, ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಸಾಧಾರಣ ಮಟ್ಟದ ಉಪಶಮನ ಉಂಟೆಂದು ಹೇಳಿ, ಅದಕ್ಕಿಂತ ಹೆಚ್ಚಿಗೆ ಹೇಳಲು ಒಪ್ಪಲಿಲ್ಲ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕೆಲಸವನ್ನೂ ಹೇಳಲೇಬೇಕು. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ ೪೫ ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಸುದರ್ಶನ ಕ್ರಿಯೆ ಎಂಬ ಶ್ವಾಸಾಭ್ಯಾಸ ಕೊಟ್ಟು ನೋಡಿದ ಅಧ್ಯಯನ ೨೦೦೦ದಲ್ಲಿ ಪ್ರಕಟವಾಯಿತು. ವಿದ್ಯುತ್ ಚಿಕಿತ್ಸೆಯಲ್ಲಿ ನೂರಕ್ಕೆ ೯೩, ಮಾತ್ರೆಯಲ್ಲಿ ೭೩, ಕ್ರಿಯೆಯಲ್ಲಿ ೬೭ ಮಂದಿ ಚೇತರಿಸಿಕೊಂಡರು. ಜನ ಭಯಪಡುವ ವಿದ್ಯುತ್ ಚಿಕಿತ್ಸೆಯೇ ಮುಂದಿತ್ತು. ಆದರೆ ಕೇವಲ ಉಸಿರಿನ ಒಂದು ಅಭ್ಯಾಸ ಮಾತ್ರೆಗೆ ಅಷ್ಟು ಹತ್ತಿರ ಬಂತೆಂಬುದೂ ಸಣ್ಣ ಸಂಗತಿಯಲ್ಲ. ೨೦೧೧ರಲ್ಲಿ ಅಲ್ಲಿಯ ವೈದ್ಯರು ಓಂಕಾರವನ್ನು ಉಚ್ಚರಿಸುವಾಗ ಮಿದುಳಿನ ಚಿತ್ರ ತೆಗೆದು ನೋಡಿದರು. ಹೋಲಿಕೆಗಾಗಿ ಬರಿಯ ‘ಸ್ಸ್’ ಎಂಬ ಸದ್ದನ್ನೂ ಮಾಡಿಸಿದ್ದರು. ಓಂಕಾರದ ಹೊತ್ತಿನಲ್ಲಿ ನಾನು ಆಗಲೇ ಹೇಳಿದ ಬಾದಾಮಿಯಂಥ ಅಂಗವೂ ಅದರ ನೆರೆಯ ಭಾವಕೇಂದ್ರಗಳೂ ಶಾಂತವಾದವು. ‘ಸ್ಸ್’ ಎಂದಾಗ ಹಾಗಾಗಲಿಲ್ಲ. ಇದು ಕೆಲವೇ ಮಂದಿಯ ಮೇಲೆ ನಡೆದ ಪ್ರಾಥಮಿಕ ಪ್ರಯೋಗ, ಇದರ ಮೇಲೆ ಮಹಲು ಕಟ್ಟಬಾರದು. ಆದರೂ ಉದ್ದಕ್ಕೆ ದನಿ ತೆಗೆದು ಹಾಡುವಾಗ, ಭಜನೆ ಮಾಡುವಾಗ, ಉಸಿರು ತಾನಾಗಿಯೇ ನಿಧಾನವಾಗಿ ಹೊರಬೀಳುತ್ತದೆ. ಹಾಗೆ ನಿಧಾನವಾಗಿ ಬಿಟ್ಟ ಉಸಿರಿಗೆ ಗುಂಡಿಗೆ ತುಸು ತಗ್ಗುತ್ತದೆ. ಉಸಿರನ್ನು ನೋಡಲಾರದ ನನ್ನಂಥವನಿಗೂ, ಉಸಿರೆಂದು ಹೇಳದೆಯೇ ಉಸಿರನ್ನು ಹದಗೊಳಿಸುವ ಉಪಾಯ ಅದು.

ಈಗ ಪಾದದ ಮಾತು. ಕುರ್ಚಿಯ ಮೇಲೆ ಕುಳಿತು, ಕಣ್ಣು ತೆರೆದು, ಎರಡು ಪಾದಗಳನ್ನೂ ನೆಲಕ್ಕೆ ಊರುವುದು. ನೆಲ ತಣ್ಣಗಿದೆಯೆ, ಒರಟೆ, ಹಿಮ್ಮಡಿಯ ಮೇಲೆ ಭಾರ ಹೆಚ್ಚೆ, ಬೆರಳುಗಳ ಮೇಲೆ ಹೆಚ್ಚೆ ಎಂದು ಗಮನಿಸುವುದು. ಮನಸ್ಸು ಓಡಿತು ಎಂದು ತಿಳಿದಾಗ ಬೈಯದೆ ಮತ್ತೆ ಪಾದಕ್ಕೆ ಬರುವುದು. ಮೊದಲ ದಿನ ಎರಡು ನಿಮಿಷ ಸಾಕೆಂದಳು ವೈದ್ಯೆ. ಎರಡೇ ನಿಮಿಷವೆ ಎಂದು ನನಗೆ ಅವಮಾನವಾಯಿತು. ಆಮೇಲೆ ನೋಡಿದರೆ ಎರಡು ನಿಮಿಷವೂ ದೀರ್ಘವಾಗಿಯೇ ಇತ್ತು. ಹಳೆಯ ಕೋಣೆ ಕಣ್ಣಮುಂದೆ ಬರತೊಡಗಿದರೆ, ಇದ್ದಲ್ಲಿಯೇ ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಬೇಕು: ತಂಬಿಗೆ, ಕಿಟಕಿ, ಕೊಡೆ, ಬೆಕ್ಕು, ಬೆಟ್ಟ. ಹುಚ್ಚಾಟವೆಂದು ತೋರಬಹುದು. ಆದರೆ ಸಾಕ್ಷಿಗಳನ್ನು ಮತ್ತೆ ಒಳಗೆ ಕರೆಯುವ ಕ್ರಮ ಇದೇ. ಜೊತೆಗೆ ಆಕೆ ಕೆಲವು ತಿಂಗಳು ಮಾತ್ರೆಯನ್ನೂ ಕೊಟ್ಟಳು, ನಾನೂ ತೆಗೆದುಕೊಂಡೆ. ಮಾತ್ರೆ ನುಂಗಿದವನ ಧ್ಯಾನ ಧ್ಯಾನವಲ್ಲ ಎಂಬ ಒಂದು ಬಗೆಯ ಮಡಿವಂತಿಕೆ ನಮ್ಮಲ್ಲಿದೆ. ಅದನ್ನು ಬಿಡುವುದು ಒಳ್ಳೆಯದು. ರಾತ್ರಿಯ ನಿದ್ರೆಯೇ ಇಲ್ಲದವನು, ಬದುಕುವುದೇ ಬೇಡವೆನಿಸಿದವನು, ಇಲ್ಲದ ದನಿಗಳನ್ನು ಕೇಳುವವನು ಮೊದಲು ಹೋಗಬೇಕಾದದ್ದು ವೈದ್ಯರಲ್ಲಿಗೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ ೧೪೪೧೬. ಕನ್ನಡದಲ್ಲಿಯೂ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಎರಡು ನಿಮಿಷ ಐದಾಯಿತು. ಮೂರು ತಿಂಗಳ ಮೇಲೆ ನಡೆಯುವ ಧ್ಯಾನಕ್ಕೆ ಬಂದೆ. ಚಾಮುಂಡಿಬೆಟ್ಟದ ಮೆಟ್ಟಿಲುಗಳು ಸಾವಿರಕ್ಕೂ ಮಿಗಿಲು. ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದೆಂದು ಪ್ರಸಿದ್ಧಿ. ನನ್ನ ವಯಸ್ಸಿಗೆ ಅಷ್ಟೂ ಆಗದು. ನೂರು ಹತ್ತಿ ಇಳಿದುಬರುತ್ತಿದ್ದೆ. ಏರುವ ಎಣಿಕೆ ನನಗೆ ಬಾಧಕವಾಗಲಿಲ್ಲ. ಆಷಾಢದ ದಿನಗಳಲ್ಲಿ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತ ಮೇಲೇರುವುದನ್ನು ನೀವು ಕಂಡಿರಬಹುದು. ಅವರ ಕಣ್ಣು ತೆರೆದಿರುತ್ತದೆ, ಕೈ ಕೆಲಸದಲ್ಲಿರುತ್ತದೆ, ಮುಂದಿನ ಮೆಟ್ಟಿಲ ಹೊರತು ಬೇರೆ ಲೋಕವಿರುವುದಿಲ್ಲ. ಹಿಂದೆ ನಾನು ಅದನ್ನು ಹರಕೆಯೆಂದಷ್ಟೇ ಭಾವಿಸಿದ್ದೆ.

ಒಂದೂವರೆ ವರ್ಷದ ಬಳಿಕ ಒಂದು ಸಂಜೆ, ಯಾರೂ ಹೇಳದೆಯೇ, ಹೊರಜಗಲಿಯಲ್ಲಿ ಕುಳಿತಿದ್ದಾಗ ಕಣ್ಣು ತಾನಾಗಿ ಮುಚ್ಚಿತು. ಉಸಿರು ಬಂದು ಹೋಗುತ್ತಿರುವುದು ತಿಳಿಯಿತು. ಅದು ನನ್ನ ಉಸಿರು ಎಂಬುದೂ ತಿಳಿಯಿತು. ಎಷ್ಟು ಹೊತ್ತು ಹಾಗಿದ್ದೆನೋ. ಬೀದಿಯ ದೀಪ ಹತ್ತಿತ್ತು. ಆ ಹೊತ್ತಿಗೆ ಅತ್ತೆ, ತಮ್ಮನಿಗಾಗಿ ಅತ್ತದ್ದು ಅದೇ ಮೊದಲು.

ನನ್ನ ತಮ್ಮನ ಹೆಂಡತಿಯ ವಿಷಯ ಒಂದು ಮಾತು ಹೇಳಿ ಮುಗಿಸುತ್ತೇನೆ. ಆಕೆ ಅನುಮತಿ ಕೊಟ್ಟಿದ್ದಾಳೆ. ಆಕೆ ಯಾವ ಶಿಬಿರಕ್ಕೂ ಹೋಗಲಿಲ್ಲ. ಮೊದಲ ವರ್ಷ ನಮ್ಮ ಬಾಗಿಲಲ್ಲಿ ರಂಗೋಲಿ ಬೀಳಲಿಲ್ಲ. ಎರಡನೆಯ ವರ್ಷದ ಒಂದು ಬೆಳಗಿನ ಜಾವ ಆರಕ್ಕೆ ಮೊದಲೇ ನೀರು ಚಿಮುಕಿಸುವ ಸದ್ದು ಕೇಳಿ ಹೊರಗೆ ಬಂದೆ. ಗಂಡನನ್ನು ಕಳೆದುಕೊಂಡವಳು ಅಂಗಳದಲ್ಲಿ ರಂಗೋಲಿ ಇಡುವುದನ್ನು ಬೀದಿಯಲ್ಲಿ ಒಂದಿಬ್ಬರು ಬೇರೆ ಕಣ್ಣಿನಿಂದ ನೋಡಿದರು, ಇನ್ನೂ ನೋಡುತ್ತಾರೆ. “ಭಾವ, ಯಾರು ಏನೆಂದುಕೊಂಡರೂ ಸರಿ, ಕೈಗೆ ಪುಡಿ ಬಂದರೆ ತಲೆ ಸುಮ್ಮನಾಗುತ್ತೆ” ಎಂದಳು. ಅಂದಿನಿಂದ ದಿನವೂ ನಾನು ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ. ನಡುವೆ ಹದಿಮೂರು ಚುಕ್ಕಿ, ಎರಡೂ ಬದಿಗೆ ಸಂದುಚುಕ್ಕಿಯಾಗಿ ಏಳರವರೆಗೆ. ಹದಿಮೂರು, ಹನ್ನೆರಡು, ಹನ್ನೊಂದು ಎಂದು ಆಕೆ ತುಟಿಯಲ್ಲಿಯೇ ಎಣಿಸುತ್ತಾಳೆ. ಅದೂ ಇಳಿಯುವ ಎಣಿಕೆಯೇ ಎಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಮೊನ್ನೆ ಆಕೆ ಒಂಬತ್ತರಲ್ಲಿ ಇದ್ದಾಗ ಮಾನಂದವಾಡಿ ರಸ್ತೆಯ ಕಡೆಯಿಂದ ಆಂಬುಲೆನ್ಸಿನ ಕೂಗು ಬಂತು. ಕೈ ನಿಂತಿತು. ಕೂಗು ಹತ್ತಿರವಾಗಿ, ತಿರುವಿನಲ್ಲಿ ತಿರುಗಿ, ದೂರವಾಯಿತು. ಆಕೆ ನನ್ನ ಕಡೆ ಒಮ್ಮೆ ನೋಡಿ, ಎಂಟನೆಯ ಸಾಲಿನ ಮೊದಲ ಚುಕ್ಕಿಯನ್ನು ಇಟ್ಟಳು.